ಹದಿಮೂರರ ಗುರುತು: ಸೂಪರ್‌ಹೀರೋ ಮಾಂಗಾ ಮತ್ತು ಹದಿಹರೆಯದ ಓದು

ದೆಹಲಿ, ಗುರುಗ್ರಾಮ, ನೋಯ್ಡಾ, ಘಾಜಿಯಾಬಾದ್, ಫರೀದಾಬಾದ್ ನಗರಗಳನ್ನು ಒಳಗೊಂಡ ರಾಷ್ಟ್ರ ರಾಜಧಾನಿ ವಲಯದ ಪುಸ್ತಕದಂಗಡಿಗಳಲ್ಲಿ ಇಂದು ಹದಿಹರೆಯದ ಓದುಗರನ್ನು ಹಿಡಿದು ನಿಲ್ಲಿಸುವ ಕಪಾಟುಗಳಲ್ಲಿ ಜಪಾನಿನ ಚಿತ್ರಕಥೆಗಳ ಕಪಾಟು ಒಂದು. ಮಾಂಗಾ ಎಂದು ಹೆಸರಾದ ಈ ಕಥೆಗಳ ಇಂಗ್ಲಿಷ್ ಅನುವಾದಗಳು ಶಾಲಾ ಚೀಲದಲ್ಲಿ ಪಠ್ಯಪುಸ್ತಕಗಳ ನಡುವೆ ಸೇರಿ ಮನೆಗೆ ಬರುತ್ತವೆ. ಅವುಗಳನ್ನು ಕಂಡ ತಂದೆ ತಾಯಿಯರಿಗೆ, ಇದು ತಮ್ಮ ಮಗುವಿನ ವಯಸ್ಸಿಗೆ ತಕ್ಕ ಓದೇ ಎಂಬ ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ. ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುವ ವಯಸ್ಸಿನ ಗುರುತು ಈ ಪ್ರಶ್ನೆಗೆ ಒಂದು ಮಟ್ಟದ ಉತ್ತರವನ್ನು ಕೊಡುತ್ತದೆಯಾದರೂ, ಆ ಗುರುತನ್ನು ಯಾರು ಹಾಕಿದರು, ಯಾವ ಅಳತೆಯಿಂದ ಹಾಕಿದರು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ತಿಳಿಯದೆ ಅದನ್ನೇ ಕೊನೆಯ ಮಾತೆಂದು ನಂಬುವುದು ಸರಿಯಾಗದು. ಕಥೆಯೊಂದು ಎಳೆಯ ಓದುಗರಿಗೆ ತಕ್ಕುದೇ ಎಂಬುದನ್ನು ಅದರಲ್ಲಿ ಎಷ್ಟು ಹೊಡೆದಾಟವಿದೆ ಎಂಬ ಲೆಕ್ಕದಿಂದ ತೀರ್ಮಾನಿಸಲಾಗದು. ತಾನು ತೋರಿಸಿದ ನೋವಿಗೆ ಆ ಕಥೆ ಎಷ್ಟರಮಟ್ಟಿಗೆ ಹೊಣೆ ಹೊರುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಅಳತೆ ಎಂಬುದನ್ನು ಈ ಭಾಷಣ ಸ್ಥಾಪಿಸಲು ಯತ್ನಿಸುತ್ತದೆ.

ಮೊದಲು ಮಾಂಗಾದ ಸ್ವರೂಪವನ್ನು ಅರಿಯಬೇಕು. ಇದು ಬಹುಪಾಲು ಕಪ್ಪು ಬಿಳುಪಿನಲ್ಲಿ ಅಚ್ಚಾಗುವ, ಬಲದಿಂದ ಎಡಕ್ಕೆ ಓದಬೇಕಾದ ಚಿತ್ರಕಥೆ. ಜಪಾನಿನಲ್ಲಿ ಇಂಥ ಕಥೆಗಳು ಸಾಮಾನ್ಯವಾಗಿ ಮೊದಲು ದಪ್ಪನೆಯ ವಾರಪತ್ರಿಕೆ ಅಥವಾ ಮಾಸಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದು, ಆಮೇಲೆ ಟ್ಯಾಂಕೋಬಾನ್ ಎಂದು ಕರೆಯುವ ಕೈಹೊತ್ತಿಗೆಗಳಾಗಿ ಸಂಪುಟಗೊಳ್ಳುತ್ತವೆ. ಓದುಗರ ವರ್ಗೀಕರಣವೂ ಅಲ್ಲಿ ಮುಖ್ಯವಾಗಿ ಪತ್ರಿಕೆಯ ಮೂಲಕವೇ ನಡೆಯುತ್ತದೆ: ಹುಡುಗರಿಗಾಗಿ ಶೋನೆನ್, ಹುಡುಗಿಯರಿಗಾಗಿ ಶೋಜೋ, ವಯಸ್ಕ ಪುರುಷರಿಗಾಗಿ ಸೈನೆನ್, ವಯಸ್ಕ ಸ್ತ್ರೀಯರಿಗಾಗಿ ಜೋಸೈ ಎಂಬ ವಿಭಾಗಗಳಿವೆ. ಶೋನೆನ್ ಪತ್ರಿಕೆಗಳಲ್ಲಿ ಕಠಿಣವಾದ ಚಿತ್ರಲಿಪಿಯ ಪಕ್ಕದಲ್ಲಿ ಅದರ ಉಚ್ಚಾರಣೆಯನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸುವ ರೂಢಿಯಿದ್ದು, ಫುರಿಗಾನಾ ಎಂಬ ಈ ಸಹಾಯಾಕ್ಷರಗಳ ಬಲದಿಂದ ಪ್ರಾಥಮಿಕ ಶಾಲೆಯ ಮಕ್ಕಳೂ ಅವುಗಳನ್ನು ಓದಬಲ್ಲರು. ಜಪಾನಿನ ಓದುಗನಿಗೆ ಪತ್ರಿಕೆಯ ಹೆಸರೇ ಕಥೆಯ ವಯೋಮಾನವನ್ನು ಸೂಚಿಸುವುದರಿಂದ ಬಿಡಿ ಪುಸ್ತಕದ ಮೇಲೆ ಬೇರೆ ಗುರುತು ಬೇಕೆನಿಸುವುದು ಕಡಿಮೆ. ಅದೇ ಕಥೆ ಪತ್ರಿಕೆಯಿಂದ ಬಿಡುಗಡೆಗೊಂಡು ಕಡಲಾಚೆಗೆ ಬಂದಾಗ ಆ ಸೂಚನೆ ಅಳಿಸಿಹೋಗುತ್ತದೆ.

ಹೀಗೆ ಬಂದ ಸೂಪರ್‌ಹೀರೋ ಮಾಂಗಾಗಳಲ್ಲಿ ಹದಿಹರೆಯದವರ ಮನಸ್ಸನ್ನು ಬಹುವಾಗಿ ಸೆಳೆದುದು ಕೊಹೇಯ್ ಹೊರಿಕೋಶಿ ಅವರ ‘ಮೈ ಹೀರೋ ಅಕಾಡೆಮಿಯಾ’. 1968ರಲ್ಲಿ ಆರಂಭವಾದ ‘ಶೋನೆನ್ ಜಂಪ್’ ಪತ್ರಿಕೆಯಲ್ಲಿ ಇದು 2014ರ ಜುಲೈನಿಂದ 2024ರ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದು 42 ಸಂಪುಟಗಳಲ್ಲಿ ಮುಗಿಯಿತು. ಜಗತ್ತಿನ ಜನರಲ್ಲಿ ಶೇಕಡ 80ರಷ್ಟು ಮಂದಿ ಕ್ವಿರ್ಕ್ ಎಂಬ ಯಾವುದಾದರೊಂದು ಅಸಾಮಾನ್ಯ ಶಕ್ತಿಯೊಡನೆ ಹುಟ್ಟುವ ಕಾಲದಲ್ಲಿ, ಆ ಶಕ್ತಿಯಿಲ್ಲದೆ ಹುಟ್ಟಿದ ಇಝುಕು ಮಿಡೊರಿಯಾ ಎಂಬ ಹುಡುಗ ವೀರನಾಗಬೇಕೆಂದು ಹಂಬಲಿಸುವುದು, ಆಲ್ ಮೈಟ್ ಎಂಬ ಮಹಾವೀರ ತನ್ನ ಶಕ್ತಿಯನ್ನು ಅವನಿಗೆ ಧಾರೆಯೆರೆಯುವುದು, ವೀರರನ್ನು ತರಬೇತುಗೊಳಿಸುವ ಶಾಲೆಯಲ್ಲಿ ಅವನು ಕಲಿತು ಬೆಳೆಯುವುದು ಇದರ ಕಥಾವಸ್ತು. ಇಂಗ್ಲಿಷ್ ಆವೃತ್ತಿಯನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಜ್ ಮೀಡಿಯಾ ಸಂಸ್ಥೆ ಪ್ರಕಟಿಸುತ್ತದೆ. ಈ ಸಂಸ್ಥೆ ತನ್ನ ಪುಸ್ತಕಗಳನ್ನು ಎಲ್ಲ ವಯಸ್ಸಿನವರಿಗೆ, ಹದಿಹರೆಯದವರಿಗೆ, ಹಿರಿಯ ಹದಿಹರೆಯದವರಿಗೆ, ಪ್ರೌಢರಿಗೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದು, ‘ಮೈ ಹೀರೋ ಅಕಾಡೆಮಿಯಾ’ ಎರಡನೆಯ ಬಗೆಗೆ, ಅಂದರೆ 13 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂಬ ವರ್ಗಕ್ಕೆ ಸೇರಿದೆ. ಕಾರಣವಾಗಿ ಪುಸ್ತಕದಲ್ಲಿ ಅಚ್ಚಾಗಿರುವುದು ಕಲ್ಪಿತ ಹಿಂಸೆಯಿದೆ ಎಂಬಷ್ಟು ಮಾತು ಮಾತ್ರ. ಅದೇ ಕಪಾಟಿನಲ್ಲಿ ಬಹುತೇಕ ಅದೇ ಗಾತ್ರ, ಅದೇ ವಿನ್ಯಾಸದಲ್ಲಿ ನಿಂತಿರುವ ‘ಚೈನ್‌ಸಾ ಮ್ಯಾನ್’ ಮೂರನೆಯ ವರ್ಗದ್ದು, ಅಂದರೆ 16 ದಾಟಿದವರಿಗೆ ಉದ್ದೇಶಿಸಿದ್ದು, ಎಂಬುದನ್ನು ಹಿಂಬದಿಯ ಸಣ್ಣ ಗುರುತನ್ನು ನೋಡದೆ ತಿಳಿಯುವುದು ಕಷ್ಟ.

ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಯೇ ಎಂಬ ಆತಂಕ ಹೊಸದಲ್ಲ, ಮತ್ತು ಈ ಆತಂಕದ ಚರಿತ್ರೆಯಲ್ಲಿ ದೆಹಲಿಗೆ ತನ್ನದೇ ಆದ ಸ್ಥಾನವಿದೆ. ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ ಗ್ರಂಥವೊಂದು ಕಾಮಿಕ್ಸ್ ಓದನ್ನು ಬಾಲಾಪರಾಧದೊಡನೆ ಜೋಡಿಸಿದಾಗ ಅಲ್ಲಿನ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಸರ್ಕಾರದ ಕಾನೂನು ತಮ್ಮ ಮೇಲೆರಗುವ ಮುನ್ನವೇ ಪ್ರಕಾಶಕರು ಅದೇ ವರ್ಷ ಕಾಮಿಕ್ಸ್ ಸಂಹಿತೆ ಎಂಬ ಸ್ವಯಂನಿಯಂತ್ರಣದ ಕಟ್ಟುಪಾಡನ್ನು ಹಾಕಿಕೊಂಡರು. ಬ್ರಿಟನ್ 1955ರಲ್ಲಿ ಭೀಕರ ಚಿತ್ರಕಥೆಗಳ ವಿರುದ್ಧ ಕಾಯಿದೆ ಮಾಡಿತು. ಮರುವರ್ಷ, 1956ರಲ್ಲಿ, ಭಾರತದ ಸಂಸತ್ತು ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯಿದೆಯನ್ನು ಅಂಗೀಕರಿಸಿತು. ಚಿತ್ರಗಳ ನೆರವಿನಿಂದಾಗಲಿ ಚಿತ್ರಗಳಿಲ್ಲದೆಯಾಗಲಿ ಹೇಳಿದ ಕಥೆಗಳು ಸಂಪೂರ್ಣವಾಗಿ ಅಥವಾ ಪ್ರಧಾನವಾಗಿ ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಜುಗುಪ್ಸೆಯ ಸಂಗತಿಗಳನ್ನು ಚಿತ್ರಿಸಿ, ಆ ಪ್ರಕಟಣೆ ಒಟ್ಟಾರೆಯಾಗಿ ಎಳೆಯ ಓದುಗನನ್ನು ಕೆಡಿಸುವಂತಿದ್ದರೆ ಅದನ್ನು ಹಾನಿಕರವೆಂದು ಈ ಕಾಯಿದೆ ವ್ಯಾಖ್ಯಾನಿಸಿತು. ಅಂಥದನ್ನು ಮಾರಿದವರಿಗೆ ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಇವೆರಡನ್ನೂ ವಿಧಿಸಿತು.

ಈ ವ್ಯಾಖ್ಯಾನದಲ್ಲಿ ‘ಪ್ರಧಾನವಾಗಿ’ ಮತ್ತು ‘ಒಟ್ಟಾರೆಯಾಗಿ’ ಎಂಬ ಷರತ್ತುಗಳು ಬಹಳ ವಿವೇಕದಿಂದ ಕೂಡಿವೆ. ಒಂದು ಪುಟವನ್ನೋ ಒಂದು ಚೌಕವನ್ನೋ ಕಿತ್ತು ತೋರಿಸಿ ಇಡೀ ಕೃತಿಯನ್ನು ದೂಷಿಸುವುದಕ್ಕೆ ಈ ಷರತ್ತುಗಳು ಅವಕಾಶ ಕೊಡುವುದಿಲ್ಲ. ಅಮೆರಿಕದ ಸಂಹಿತೆಯಲ್ಲಿ ಇಂಥ ವಿವೇಕ ಕಡಿಮೆಯಿದ್ದುದರ ಫಲ 1971ರಲ್ಲಿ ಬಯಲಾಯಿತು. ಮಾದಕ ವಸ್ತುಗಳ ಕೇಡನ್ನು ಎಳೆಯರಿಗೆ ತಿಳಿಸಬೇಕೆಂದು ಸರ್ಕಾರದ ಆರೋಗ್ಯ ಇಲಾಖೆಯೇ ಕೋರಿದ ಮೇರೆಗೆ ಸ್ಟ್ಯಾನ್ ಲೀ ‘ಸ್ಪೈಡರ್‌ಮ್ಯಾನ್’ ಕಥೆಯಲ್ಲಿ ಆ ವಿಷಯವನ್ನು ತಂದಾಗ, ಮಾದಕ ವಸ್ತುವಿನ ಚಿತ್ರಣವೇ ನಿಷಿದ್ಧವೆಂಬ ಕಾರಣಕ್ಕೆ ಸಂಹಿತೆಯ ಮುದ್ರೆ ಸಿಗಲಿಲ್ಲ. ಆ ಸಂಚಿಕೆಗಳು ಮುದ್ರೆಯಿಲ್ಲದೆಯೇ ಹೊರಬಂದವು. ನಿಷಿದ್ಧ ವಸ್ತುಗಳ ಪಟ್ಟಿಯನ್ನಿಟ್ಟುಕೊಂಡು ಕಥೆಯನ್ನು ತೂಗಿದರೆ, ಕೇಡನ್ನು ಮೆಚ್ಚುವ ಕಥೆಗೂ ಕೇಡಿನ ವಿರುದ್ಧ ಎಚ್ಚರಿಸುವ ಕಥೆಗೂ ವ್ಯತ್ಯಾಸ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 2011ರ ವೇಳೆಗೆ ಕೊನೆಯ ಪ್ರಕಾಶಕರೂ ಆ ಸಂಹಿತೆಯನ್ನು ಕೈಬಿಟ್ಟರು.

ಭಾರತದಲ್ಲಿ ಕಾಯಿದೆ ಇದ್ದರೂ ಜನಸಾಮಾನ್ಯರು ಚಿತ್ರಕಥೆಗಳನ್ನು ಅಳೆದುದು ಬೇರೆಯೇ ಮಾನದಿಂದ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡಿ, ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರಿಸುವ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದೆ ಹೋದುದಕ್ಕೆ ನೊಂದು ‘ಅಮರ ಚಿತ್ರ ಕಥೆ’ಯ ಯೋಜನೆಗೆ ತೊಡಗಿದರೆಂಬುದು ಪ್ರಸಿದ್ಧ ಸಂಗತಿ, ಆ ಮಾಲೆಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಆಗಲೇ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳ ಮೂಲಕ ನೆಲ ಹಸನು ಮಾಡಿದ್ದರು. ಅಂದಿನಿಂದ ನಮ್ಮ ಮನೆಗಳಲ್ಲಿ ಚಿತ್ರಕಥೆಯನ್ನು ಒಪ್ಪುವ ಆಧಾರ ಅದು ಏನನ್ನು ಕಲಿಸುತ್ತದೆ ಎಂಬುದಾಯಿತು. ಉತ್ತರ ದೆಹಲಿಯ ಬುರಾಡಿಯಲ್ಲಿ ನೆಲೆ ಹೊಂದಿದ ರಾಜ್ ಕಾಮಿಕ್ಸ್ 1980ರ ದಶಕದಲ್ಲಿ ನಾಗರಾಜ್, ಸೂಪರ್ ಕಮಾಂಡೋ ಧ್ರುವ ಮೊದಲಾದ ವೀರರನ್ನು ಹಿಂದಿ ಓದುಗರಿಗೆ ಕೊಟ್ಟಿತು. ನಾಯಿಮುಖದ ಮುಖವಾಡ ತೊಟ್ಟು ಬಂದೂಕಿನಿಂದ ಅಪರಾಧಿಗಳನ್ನು ಕೊಲ್ಲುವ ಡೋಗಾ ಕೂಡ ಅದೇ ಸಂಸ್ಥೆಯ ಸೃಷ್ಟಿ. ಕನ್ನಡದ ಮಕ್ಕಳಿಗೆ ‘ಬಾಲಮಂಗಳ’ದ ಡಿಂಗ ಎಂಬ ಇಲಿವೀರ ಪ್ರಿಯನಾದ. ಡಿಂಗನ ಕಥೆಯನ್ನು ಆರು ವರ್ಷದ ಮಗುವೂ ಡೋಗಾನ ಕಥೆಯನ್ನು ಹದಿನಾರರ ಹುಡುಗನೂ ಓದುವುದು ಸರಿಯೆನ್ನಬಹುದು. ಆದರೆ ಎರಡನ್ನೂ ಕಾಮಿಕ್ಸ್ ಎಂಬ ಒಂದೇ ಮಾತಿನಿಂದ ಕರೆದು, ಎರಡೂ ಮಕ್ಕಳವೇ ಎಂದು ಭಾವಿಸಿದುದರಿಂದ ವಯೋಮಾನದ ವಿಚಾರ ನಮ್ಮಲ್ಲಿ ಗಂಭೀರವಾಗಿ ಬೆಳೆಯಲಿಲ್ಲ.

ಈ ಭಾವನೆಯ ಪರಿಣಾಮವನ್ನು ದೆಹಲಿಯ ಆಡಳಿತವೇ ಒಮ್ಮೆ ಎದುರಿಸಬೇಕಾಯಿತು. ಯೋಶಿತೊ ಉಸುಯಿ ಅವರ ‘ಕ್ರೇಯಾನ್ ಶಿನ್‌ಚಾನ್’ 1990ರಲ್ಲಿ ಜಪಾನಿನ ವಯಸ್ಕರ ಮಾಂಗಾ ಪತ್ರಿಕೆಯೊಂದರಲ್ಲಿ ಆರಂಭವಾದ ಹಾಸ್ಯಕಥೆ. ಐದು ವರ್ಷದ ಹುಡುಗನೊಬ್ಬನ ನಾಚಿಕೆಯಿಲ್ಲದ ಮಾತು ನಡತೆಗಳ ಮೂಲಕ ದೊಡ್ಡವರ ಲೋಕವನ್ನು ನೋಡಿ ನಗುವುದು ಅದರ ಉದ್ದೇಶ. ಭಾರತದಲ್ಲಿ ಅದರ ದೂರದರ್ಶನ ರೂಪ ಮಕ್ಕಳ ವಾಹಿನಿಯಲ್ಲಿ ಪ್ರಸಾರವಾಯಿತು. ಮಕ್ಕಳು ಆ ಮಾತುಗಳನ್ನೇ ಅನುಕರಿಸುತ್ತಾರೆಂದು ಪೋಷಕರು ದೂರಿದ ಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2008ರಲ್ಲಿ ಅದರ ಪ್ರಸಾರವನ್ನು ತಡೆಯಿತು. ಮರುವರ್ಷ ಕತ್ತರಿಸಿ ತಿದ್ದಿದ ರೂಪದಲ್ಲಿ ಅದು ಮರಳಿತು. ಮೂಲದಲ್ಲಿ ವಯಸ್ಕರಿಗಾಗಿ ಇದ್ದುದನ್ನು, ಚಿತ್ರವಿದೆಯೆಂಬ ಒಂದೇ ಕಾರಣಕ್ಕೆ ಚಿಕ್ಕ ಮಕ್ಕಳ ಮುಂದಿಟ್ಟು, ಆಮೇಲೆ ಚಿಕ್ಕ ಮಕ್ಕಳಿಗೆ ತಕ್ಕುದಲ್ಲವೆಂದು ದೂರುವುದು ಕೃತಿಗೂ ಓದುಗನಿಗೂ ಸಲ್ಲದ ನಡೆ.

ಇಂದು ಪರದೆಯ ಮೇಲಿನ ಕಥೆಗಳಿಗೆ ನಮ್ಮಲ್ಲಿ ಸಾಕಷ್ಟು ಸೂಕ್ಷ್ಮವಾದ ವಿಂಗಡಣೆ ಬಂದಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದ ಚಿತ್ರ ಮತ್ತು ಸರಣಿಗಳನ್ನು 7, 13, 16 ವರ್ಷಗಳ ಮೆಟ್ಟಿಲುಗಳಲ್ಲಿ ವರ್ಗೀಕರಿಸಬೇಕೆಂದವು. 2023ರ ಸಿನಿಮಾ ತಿದ್ದುಪಡಿ ಕಾಯಿದೆ ಇದೇ ಮೆಟ್ಟಿಲುಗಳನ್ನು ಚಿತ್ರಮಂದಿರಕ್ಕೂ ತಂದಿತು. ಮುದ್ರಿತ ಪುಸ್ತಕಕ್ಕೆ ಮಾತ್ರ ಇಂಥ ವಯೋವರ್ಗೀಕರಣ ಕಡ್ಡಾಯವಿಲ್ಲ. ಪುಸ್ತಕಕ್ಕೆ ಮುಂಚಿತವಾಗಿ ಪರವಾನಗಿ ಪಡೆಯಬೇಕೆಂಬ ವ್ಯವಸ್ಥೆ ಇಲ್ಲದಿರುವುದು ಪ್ರಜಾಪ್ರಭುತ್ವಕ್ಕೆ ಶೋಭೆ ತರುವ ಸಂಗತಿಯೇ ಹೌದು, ಅದನ್ನು ಬದಲಿಸಬೇಕಾಗಿಯೂ ಇಲ್ಲ. ಆದರೆ ಇದರಿಂದಾಗಿ ಒಂದೇ ಕಥೆ ಪರದೆಗೆ ಬಂದರೆ ಭಾರತೀಯ ಗುರುತನ್ನೂ ಕಾಗದದಲ್ಲಿ ಬಂದರೆ ಅಮೆರಿಕದ ಓದುಗರನ್ನು ಮನಸ್ಸಿನಲ್ಲಿಟ್ಟು ಪ್ರಕಾಶಕರು ತಾವಾಗಿ ಹಾಕಿಕೊಂಡ ಗುರುತನ್ನೂ ಹೊತ್ತಿರುತ್ತದೆ. ನಮ್ಮ ಮಕ್ಕಳ ಮನೆ, ಶಾಲೆ, ಬೀದಿಗಳನ್ನು ಬಲ್ಲವರ ಆಲೋಚನೆ ಆ ಗುರುತಿನ ಹಿಂದೆ ಇರುವುದಿಲ್ಲ. ಆ ಆಲೋಚನೆಯನ್ನು ಓದಿನ ಮೂಲಕ ನಮ್ಮವರೇ ಮಾಡಬೇಕು.

‘ಮೈ ಹೀರೋ ಅಕಾಡೆಮಿಯಾ’ವನ್ನು ಹಾಗೆ ಹತ್ತಿರದಿಂದ ಓದಿದಾಗ ಕಾಣುವುದೇನು? ಮೊದಲನೆಯದಾಗಿ ಹಿಂಸೆ. ಆರಂಭದಲ್ಲಿ ಮಿಡೊರಿಯಾ ತನಗೆ ಬಂದ ಶಕ್ತಿಯನ್ನು ಪೂರ್ಣವಾಗಿ ಬಳಸಿದಾಗಲೆಲ್ಲ ಅವನ ಮೂಳೆಗಳೇ ಮುರಿಯುತ್ತವೆ. ಶಾಲೆಯ ವೈದ್ಯೆ ಗಾಯ ಮಾಯಿಸಬಲ್ಲಳಾದರೂ ಅದಕ್ಕೆ ರೋಗಿಯ ದೇಹದ ಕಸುವೇ ಬೆಲೆಯಾಗುತ್ತದೆ. ಕಾಡಿನ ಶಿಬಿರದ ಕಾಳಗದ ನಂತರ, ಇನ್ನು ಕೆಲವು ಬಾರಿ ಹೀಗಾದರೆ ತೋಳುಗಳೇ ನಿಷ್ಪ್ರಯೋಜಕವಾಗುತ್ತವೆಂದು ವೈದ್ಯರು ಎಚ್ಚರಿಸುತ್ತಾರೆ. ಆ ಎಚ್ಚರಿಕೆಯಿಂದಾಗಿ ಅವನು ತನ್ನ ಹೋರಾಟದ ಕ್ರಮವನ್ನೇ ಬದಲಿಸಿ ಕಾಲುಗಳ ಬಲವನ್ನು ನೆಚ್ಚಿಕೊಳ್ಳುತ್ತಾನೆ. ಕೈಯ ಮೇಲಿನ ಗಾಯದ ಗುರುತುಗಳನ್ನು ಚಿತ್ರಕಾರ ಮುಂದಿನ ಸಂಪುಟಗಳಲ್ಲಿ ಅಳಿಸುವುದಿಲ್ಲ. ಹೊಡೆತಕ್ಕೆ ನೋವಿದೆ, ನೋವಿಗೆ ನೆನಪಿದೆ ಎಂಬುದನ್ನು ಕಥೆ ಬಿಡದೆ ಸಾರುವುದರಿಂದ, ಪುಸ್ತಕದ ಗುರುತು ಎಚ್ಚರಿಸುವ ಹಿಂಸೆ 13ರ ಓದುಗನಿಗೆ ಅಷ್ಟಾಗಿ ಅಪಾಯಕಾರಿಯಲ್ಲ ಎನ್ನಬಹುದು.

ಎರಡನೆಯದು ಗುರುತಿನಲ್ಲಿ ಕಾಣಿಸದ ಒಂದು ಮಾತು. ಮೊದಲ ಅಧ್ಯಾಯದಲ್ಲಿಯೇ ಸಹಪಾಠಿ ಬಾಕುಗೋ, ಮಿಡೊರಿಯಾನ ಟಿಪ್ಪಣಿ ಪುಸ್ತಕವನ್ನು ಸುಟ್ಟು ಕಿಟಕಿಯಿಂದಾಚೆ ಎಸೆದು, ಮುಂದಿನ ಜನ್ಮದಲ್ಲಾದರೂ ಶಕ್ತಿ ಸಿಗಲೆಂದು ಆಶಿಸಿ ಮಾಳಿಗೆಯಿಂದ ಹಾರಿಬಿಡು ಎಂಬರ್ಥದ ಮಾತನ್ನಾಡುತ್ತಾನೆ. ನಿಜವಾಗಿ ಹಾರಿದರೆ ಆಗುವ ಅನಾಹುತಕ್ಕೆ ಹೊಣೆ ಯಾರೆಂದು ಮಿಡೊರಿಯಾ ಮನಸ್ಸಿನಲ್ಲಿಯೇ ಕುದಿಯುತ್ತಾನೆ. ಶಾಲೆಯಲ್ಲಿ ಪೀಡನೆಗೆ ಒಳಗಾದ ಮಗುವಿಗೆ ಈ ಚೌಕ ಎಷ್ಟು ಭಾರವಾದೀತೆಂದು ಊಹಿಸಬಹುದು. ಇದೇ ಬಾಕುಗೋ ತನ್ನ ಹಳೆಯ ನಡತೆಗಾಗಿ ಮಳೆಯಲ್ಲಿ ನಿಂತು ತಲೆಬಾಗಿಸಿ ಕ್ಷಮೆ ಕೇಳುವುದು 2021ರ ಕಂತಿನಲ್ಲಿ, ಅಂದರೆ ಏಳು ವರ್ಷಗಳ ನಂತರ. ಕಥೆ ತನ್ನ ಹೊಣೆಯನ್ನು ಮರೆಯಲಿಲ್ಲ ನಿಜ. ಆದರೆ ಮೊದಲ ಸಂಪುಟವನ್ನಷ್ಟೇ ಓದಿ ಬಿಟ್ಟ ಮಗುವಿಗೆ ಕ್ರೌರ್ಯ ಮಾತ್ರ ಮುಟ್ಟುತ್ತದೆ, ಪಶ್ಚಾತ್ತಾಪ ಮುಟ್ಟುವುದಿಲ್ಲ. 1956ರ ಕಾಯಿದೆ ಹೇಳಿದ ‘ಒಟ್ಟಾರೆ’ ಎಂಬುದು 42 ಸಂಪುಟಗಳ ಧಾರಾವಾಹಿಯಲ್ಲಿ ಎಷ್ಟು ದೂರಕ್ಕೆ ಹಬ್ಬಿದೆ ಎಂಬುದನ್ನು ಇದರಿಂದ ಅರಿಯಬೇಕು, ಮತ್ತು ಆ ನಡುವಿನ ಅಂತರವನ್ನು ತುಂಬುವ ಮಾತನ್ನು ಹಿರಿಯರು ಆಡಬೇಕು.

ಮೂರನೆಯದು ಮನೆಯೊಳಗಿನ ನೋವು. ಶೋಟೋ ಟೊಡೊರೊಕಿ ಎಂಬ ಹುಡುಗನ ತಂದೆ ಎಂಡೆವರ್, ವೀರರ ಶ್ರೇಣಿಯಲ್ಲಿ ಎರಡನೆಯ ಸ್ಥಾನದಲ್ಲಿಯೇ ಉಳಿದ ಕಹಿಯಿಂದ, ಮೊದಲನೆಯವನನ್ನು ಮೀರಿಸುವ ಮಗನನ್ನು ಪಡೆಯಲೆಂದೇ ಮದುವೆಯಾಗಿ, ಎಳೆಯ ಮಗುವನ್ನು ಹೊಡೆದು ಬಡಿದು ತಾಲೀಮು ಮಾಡಿಸುತ್ತಾನೆ; ಮನಸ್ಸು ಮುರಿದ ತಾಯಿ ಮಗನ ಮುಖದಲ್ಲಿ ತಂದೆಯ ಛಾಯೆಯನ್ನು ಕಂಡು ಕುದಿಯುವ ನೀರು ಸುರಿಯುತ್ತಾಳೆ. ಇದನ್ನೋದಿದ ಪೋಷಕರು ಪುಸ್ತಕವನ್ನು ಕಸಿದುಕೊಳ್ಳಲು ಮುಂದಾದರೆ ಆಶ್ಚರ್ಯವಿಲ್ಲ. ಆದರೂ ಪ್ರವೇಶ ಪರೀಕ್ಷೆಯ ರ‍್ಯಾಂಕಿಗಾಗಿ ಆರನೆಯ ತರಗತಿಯಿಂದಲೇ ಕೋಚಿಂಗ್ ತರಗತಿಗಳಿಗೆ ಮಕ್ಕಳನ್ನು ಕಳುಹಿಸುವ ರಾಜಧಾನಿ ವಲಯದ ಮನೆಗಳಲ್ಲಿ, ತಂದೆಯ ಅಪೂರ್ಣ ಆಸೆಯನ್ನು ಮಗ ಹೊರಬೇಕಾಗುವ ಈ ಕಥೆ ಮಗುವಿಗೆ ಪರಕೀಯವಾದೀತೆಂದು ಹೇಳುವುದು ಕಷ್ಟ. ಹೆತ್ತವರಿಗೆ ಇರಿಸುಮುರಿಸು ತರುವ ಸಂಗತಿಯೆಲ್ಲ ಮಗುವಿಗೆ ಹಾನಿಕರವಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವ ಪ್ರಾಮಾಣಿಕತೆ ವಯೋಮಾನದ ತೀರ್ಮಾನಕ್ಕೆ ಅತ್ಯಗತ್ಯ. ಕಥೆಯಲ್ಲಿ ಎಂಡೆವರ್ ಮುಂದೆ ತನ್ನ ತಪ್ಪಿನ ಫಲವನ್ನು ಎದುರಿಸುತ್ತಾನೆ, ಮನೆಯವರೆಲ್ಲರ ಕ್ಷಮೆ ಅವನಿಗೆ ಸುಲಭವಾಗಿ ದೊರೆಯುವುದೂ ಇಲ್ಲ.

ಕಥೆ ಹೊಣೆಯಿಂದ ನುಣುಚಿಕೊಳ್ಳುವುದು ನಾಲ್ಕನೆಯ ಸಂಗತಿಯಲ್ಲಿ. ಮಿನೇಟಾ ಎಂಬ ಸಹಪಾಠಿ ಹುಡುಗಿಯರನ್ನು ಇಣುಕಿ ನೋಡಲು ಹವಣಿಸುತ್ತಾನೆ, ಮೈಮುಟ್ಟಲು ಯತ್ನಿಸುತ್ತಾನೆ. ಪ್ರತಿಸಲವೂ ಅದು ನಗೆಯ ಪ್ರಸಂಗವಾಗಿ ಬಂದು, ಒಂದು ಪೆಟ್ಟಿನ ಶಿಕ್ಷೆಯೊಡನೆ ಮರೆಯಾಗುತ್ತದೆ. ವೀರಾಂಗನೆಯರ ಉಡುಪನ್ನು ಬರೆದ ರೀತಿಯೂ ಹುಡುಗರ ಕಣ್ಣನ್ನೇ ಲಕ್ಷಿಸಿದೆ. ಇಲ್ಲಿ ರಕ್ತವಿಲ್ಲ, ಮೂಳೆ ಮುರಿಯುವುದಿಲ್ಲ. ಆದ್ದರಿಂದ ಪುಟ ತಿರುವಿ ನೋಡುವ ಪೋಷಕರ ಕಣ್ಣಿಗೆ ಇದು ಬೀಳುವುದೂ ಕಡಿಮೆ. ಹೆಣ್ಣುಮಕ್ಕಳ ನೆಮ್ಮದಿಯ ಪ್ರಯಾಣಕ್ಕಾಗಿ 2010ರಲ್ಲಿ ಮೆಟ್ರೋ ರೈಲಿನ ಒಂದು ಬೋಗಿಯನ್ನೇ ಮೀಸಲಿಡಬೇಕಾದ ನಗರದಲ್ಲಿ, ಅದೇ ರೈಲಿನಲ್ಲಿ ಕುಳಿತು ಇದನ್ನೋದುವ ಹುಡುಗನಿಗೂ ಹುಡುಗಿಗೂ ಈ ನಗೆ ಬೇರೆಬೇರೆಯಾಗಿ ಕೇಳಿಸುತ್ತದೆ. ನೋವನ್ನು ನೋವೆಂದು ಒಪ್ಪಿಕೊಂಡ ಭಯಾನಕ ಪುಟಕ್ಕಿಂತ ನೋವನ್ನು ನಗೆಯಾಗಿಸಿದ ಹಗುರ ಪುಟ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ.

ಹೊಣೆಗಾರಿಕೆ ಚರಿತ್ರೆಗೂ ಸಲ್ಲುತ್ತದೆ. 2020ರ ಫೆಬ್ರವರಿಯಲ್ಲಿ ಇದೇ ಕೃತಿಯ ದುಷ್ಟ ವೈದ್ಯನೊಬ್ಬನಿಗೆ ಮಾರುತಾ ಎಂಬ ಹೆಸರಿಟ್ಟಾಗ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆಯ 731ನೆಯ ಘಟಕ ತನ್ನ ಪ್ರಯೋಗಗಳಿಗೆ ಬಲಿಯಾದ ಮನುಷ್ಯರನ್ನು ಕರೆಯುತ್ತಿದ್ದ ಮಾತು ಅದೆಂದು ಚೀನಾ ಮತ್ತು ಕೊರಿಯಾದ ಓದುಗರು ಪ್ರತಿಭಟಿಸಿದರು. ಲೇಖಕರೂ ಪ್ರಕಾಶಕರೂ ಕ್ಷಮೆ ಕೋರಿ ಹೆಸರನ್ನು ಬದಲಿಸಿದರು. ಇದಕ್ಕೆ ಪ್ರತಿಯಾಗಿ, ಇದೇ ‘ಶೋನೆನ್ ಜಂಪ್’ನಲ್ಲಿ 1973ರಲ್ಲಿ ಆರಂಭವಾದ ‘ಬೇರ್‌ಫುಟ್ ಗೆನ್’ ಹಿರೋಶಿಮಾದ ಅಣುಬಾಂಬಿನ ಸುಟ್ಟ ದೇಹಗಳನ್ನು ಕಣ್ಣು ಮುಚ್ಚದೆ ಚಿತ್ರಿಸಿತು; ಅದನ್ನು ಬರೆದ ಕೇಜಿ ನಾಕಾಜಾವಾ ಆರು ವರ್ಷದವರಿದ್ದಾಗ ಆ ಬಾಂಬಿನಿಂದ ಬದುಕುಳಿದವರು. ಜಪಾನಿನ ಮಾತ್ಸುಯೆ ನಗರದ ಶಿಕ್ಷಣ ಮಂಡಳಿ 2012ರಲ್ಲಿ ಶಾಲಾ ಗ್ರಂಥಾಲಯಗಳ ತೆರೆದ ಕಪಾಟಿನಿಂದ ಅದನ್ನು ತೆಗೆಸಿ, ತೀವ್ರ ವಿರೋಧ ಬಂದ ಮೇಲೆ 2013ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ತೊಮೊಕೊ ಕಿಕುಚಿ ಎಂಬ ಜಪಾನಿ ಅನುವಾದಕಿ ಈ ಕೃತಿಯನ್ನು ಹಿಂದಿಗೆ ತಂದಿರುವುದರಿಂದ ದೆಹಲಿಯ ಓದುಗರಿಗೂ ಅದು ದೂರದ್ದಲ್ಲ. ಕೇವಲ ಘೋರ ಚಿತ್ರಗಳ ಸಂಖ್ಯೆಯಿಂದ ಅಳೆದರೆ ಗೆನ್ ಮಕ್ಕಳಿಂದ ದೂರವಿಡಬೇಕಾದ ಪುಸ್ತಕ. ನೋವಿಗೆ ಸಲ್ಲಿಸಿದ ಗೌರವದಿಂದ ಅಳೆದರೆ ಹದಿಹರೆಯದವರು ಹಿರಿಯರ ಜೊತೆಗೂಡಿ ಓದಲೇಬೇಕಾದ ಪುಸ್ತಕ.

ಓದುವ ವೇಗವೂ ವಯೋಮಾನದ ಒಂದು ಅಂಶ. ಜಪಾನಿನ ಓದುಗ ‘ಮೈ ಹೀರೋ ಅಕಾಡೆಮಿಯಾ’ದೊಡನೆ ಹತ್ತು ವರ್ಷ ಬೆಳೆದ, ಹನ್ನೆರಡರಲ್ಲಿ ಆರಂಭಿಸಿದವನು ಕೊನೆಯ ಯುದ್ಧದ ಅಧ್ಯಾಯಗಳಿಗೆ ಬರುವಾಗ ಇಪ್ಪತ್ತು ದಾಟಿದ್ದ. ಕಥೆಯ ಕತ್ತಲೆ ದಟ್ಟವಾದಂತೆ ಅವನ ಮನಸ್ಸೂ ಮಾಗಿತ್ತು. ಎಲ್ಲ ಸಂಪುಟಗಳೂ ಒಟ್ಟಿಗೆ ದೊರೆಯುವ ಇಂದು, ದೆಹಲಿಯ ಒಂದು ಬೇಸಿಗೆ ರಜೆಯಲ್ಲಿ ಹನ್ನೊಂದರ ಮಗು ಅಷ್ಟನ್ನೂ ಮುಗಿಸಬಲ್ಲದು. ಭಾಷೆ ಓದಬಲ್ಲ ಸಾಮರ್ಥ್ಯ ಬೇರೆ, ವಸ್ತುವನ್ನು ಅರಗಿಸಿಕೊಳ್ಳುವ ಸಾಮರ್ಥ್ಯ ಬೇರೆ; ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳ ಮೇಲೆ ಹಾಕುವ ನಾಲ್ಕು ಹಂತಗಳು ಮೊದಲನೆಯದನ್ನು ಅಳೆಯುತ್ತವೆ, ಮಾಂಗಾದ ಗುರುತು ಎರಡನೆಯದನ್ನು ಅಳೆಯಲು ಯತ್ನಿಸುತ್ತದೆ. ಮೊಬೈಲ್ ಓದಿನಲ್ಲಿ ಈ ಎರಡೂ ಅಳತೆಗಳು ಕಳಚಿಹೋಗಬಹುದು. ಅನುಮತಿಯಿಲ್ಲದೆ ಪುಟಗಳನ್ನು ಸ್ಕ್ಯಾನ್ ಮಾಡಿ ಅಭಿಮಾನಿಗಳೇ ಅನುವಾದಿಸಿ ಹಂಚುವ ತಾಣಗಳಲ್ಲಿ ಹದಿಮೂರರ ಕಥೆಯ ಪಕ್ಕದಲ್ಲಿಯೇ ವಯಸ್ಕರ ಕಥೆಯೂ ಜಾಹೀರಾತೂ ತೆರೆದುಕೊಳ್ಳುತ್ತವೆ. ಮೂಲ ಪ್ರಕಾಶಕರಾದ ಶೂಯೆಶಾ ಸಂಸ್ಥೆ 2019ರಲ್ಲಿ ಆರಂಭಿಸಿದ ಮಾಂಗಾ ಪ್ಲಸ್ ಎಂಬ ಅಧಿಕೃತ ಆ್ಯಪ್ ಭಾರತದಲ್ಲಿಯೂ ಲಭ್ಯವಿದ್ದು, ಮಕ್ಕಳನ್ನು ಅದರತ್ತ ತಿರುಗಿಸುವುದು ಕಲಾವಿದನ ಶ್ರಮಕ್ಕೂ ಮಗುವಿನ ಹಿತಕ್ಕೂ ಒಳ್ಳೆಯದು.

ಹಾಗಾದರೆ ಮಾಡಬೇಕಾದುದೇನು? ಕೊಡಿಸುವ ಮುನ್ನ ಪೋಷಕರು ಮೊದಲ ಸಂಪುಟವನ್ನಾದರೂ ತಾವೇ ಓದಬೇಕು. ಅದಕ್ಕೆ ಒಂದು ಸಂಜೆಯ ಬಿಡುವು ಸಾಕು. ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ನೊಂದವರ ಮುಖವನ್ನು ಕಥೆ ತೋರಿಸುತ್ತದೆಯೇ, ನೋಯಿಸಿದವರಿಗೆ ಕಥೆ ಲೆಕ್ಕ ಕೇಳುತ್ತದೆಯೇ, ನಗೆ ಯಾರ ನೋವಿನಿಂದ ಹುಟ್ಟುತ್ತದೆ. ಈ ಪ್ರಶ್ನೆಗಳನ್ನು ಮಗುವಿನೊಡನೆಯೂ ಚರ್ಚಿಸಬೇಕು. 12ರ ಮಗುವಿಗೆ ಬೇಡವೆಂದು ಹೇಳಬೇಕಾದಾಗ ಕಾರಣವನ್ನೂ ಮತ್ತೆ ಯಾವಾಗ ಓದಬಹುದೆಂಬುದನ್ನೂ ಹೇಳಬೇಕು. ಶಾಲಾ ಗ್ರಂಥಪಾಲಕರು 13ರ ಗುರುತಿನ ಪುಸ್ತಕಗಳನ್ನೂ 16ರ ಗುರುತಿನವನ್ನೂ ಬೇರೆ ಕಪಾಟುಗಳಲ್ಲಿಟ್ಟು, ಪ್ರತಿ ಮಾಲೆಗೂ ವಸ್ತುವನ್ನು ವಿವರಿಸುವ ನಾಲ್ಕು ಸಾಲಿನ ಚೀಟಿಯನ್ನು ಅಂಟಿಸಿದರೆ ದೊಡ್ಡ ಉಪಕಾರವಾಗುತ್ತದೆ. 1951ರಲ್ಲಿ ಯುನೆಸ್ಕೋ ನೆರವಿನಿಂದ ಆರಂಭವಾದ ದೆಹಲಿ ಸಾರ್ವಜನಿಕ ಗ್ರಂಥಾಲಯದಂಥ ಸಂಸ್ಥೆಗಳಿರುವ ನಗರಕ್ಕೆ ಇದು ಅಸಾಧ್ಯದ ಕೆಲಸವಲ್ಲ. ಮಾಂಗಾವನ್ನು ಕನ್ನಡಕ್ಕೆ ತರುವ ಪ್ರಕಾಶಕರು ವಯಸ್ಸಿನ ಸಂಖ್ಯೆಯೊಂದಿಗೆ ಅದರ ಕಾರಣವನ್ನೂ ತಿಳಿಗನ್ನಡದಲ್ಲಿ ಮುದ್ರಿಸುವ ಮೇಲ್ಪಂಕ್ತಿ ಹಾಕಬೇಕು. ದೆಹಲಿಯ ಕನ್ನಡ ಮನೆಗಳಲ್ಲಿ ‘ಚಂದಮಾಮ’ವನ್ನೋ ‘ಬಾಲಮಂಗಳ’ವನ್ನೋ ಓದಿ ಬೆಳೆದ ಅಜ್ಜ ಅಜ್ಜಿಯರೂ ತಂದೆ ತಾಯಿಯರೂ ಇದ್ದಾರೆ, ಚಿತ್ರಕಥೆಯ ಸೊಗಸನ್ನು ಬಲ್ಲ ಅವರು ಈ ಹೊಸ ಓದನ್ನು ದೂರದಿಂದ ಶಂಕಿಸುವ ಬದಲು ಮಕ್ಕಳೊಡನೆ ಕುಳಿತು ಓದಬಲ್ಲರು.

ವಯಸ್ಸಿನ ಗುರುತು ಬೇಕು. ಅದು ಪ್ರಾಮಾಣಿಕವಾಗಿರಬೇಕು, ಕಾರಣಸಹಿತವಾಗಿರಬೇಕು. ಆದರೆ ಯಾವ ಮಗು ಯಾವ ಗಾಯವನ್ನು ಹೊತ್ತು ಪುಸ್ತಕ ತೆರೆಯುತ್ತದೆಂಬುದನ್ನು ಯಾವ ಪ್ರಕಾಶಕನೂ ಯಾವ ಕಾಯಿದೆಯೂ ಅರಿಯಲಾರದು. ಆ ಮಗುವನ್ನು ದಿನವೂ ಕಾಣುವವರು ಮಾತ್ರ ಅರಿಯಬಲ್ಲರು. ಹದಿಹರೆಯದವರ ಓದನ್ನು ಕಾಯುವ ಹೊಣೆ ಆದುದರಿಂದ ಅವರದೇ, ಮತ್ತು ಆ ಹೊಣೆಯನ್ನು ನಿಷೇಧದಿಂದ ತೀರಿಸಲಾಗದು, ಜೊತೆಗೂಡಿ ಓದುವುದರಿಂದ ಮಾತ್ರ ತೀರಿಸಬಹುದು.